ಅಗ್ರಿಮೆಂಟಿನಲ್ಲಿ 'ಬೆಂಗಳೂರು ಕೋರ್ಟಿಗೆ ಮಾತ್ರ ಅಧಿಕಾರ' ಅಂತಿದೆ, ಮೈಸೂರಿನ ಗ್ರಾಹಕರ ಆಯೋಗಕ್ಕೆ ಹೋಗಬಹುದಾ?

ಬೋಗಾದಿ ಮನೆ:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿ ಕಡೆ ನಮ್ಮದೊಂದು ಮೂವತ್ತು ನಲವತ್ತರ ಸೈಟಿದೆ. ಅದರಲ್ಲಿ ಮನೆ ಕಟ್ಟಲು ಬೆಂಗಳೂರಿನ ಒಂದು ಕಂಪನಿಗೆ ಸಾಮಾನು ಸಮೇತ 62 ಲಕ್ಷಕ್ಕೆ ಕೊಟ್ಟೆವು. ಇದುವರೆಗೆ 41 ಲಕ್ಷ ಹೋಗಿದೆ, ಎಲ್ಲವೂ ಬ್ಯಾಂಕ್ ಮೂಲಕವೇ. ಮೊದಲ ಮಹಡಿ ಮೋಲ್ಡ್ ಹಾಕಿದ ಮೇಲೆ ಕೆಲಸ ನಿಂತಿದೆ. ಮೇಲೆ ಬಿಟ್ಟಿರುವ ಕಂಬಿಗಳು ಮಳೆಗೆ ಕೆಂಪಾಗಿವೆ. ಮೆಟ್ಟಿಲ ಪಕ್ಕದ ಪಿಲ್ಲರಿನ ಬುಡದಲ್ಲಿ ಜಲ್ಲಿ ಹಾಗೇ ಕಾಣುತ್ತದೆ, ಬೆರಳಿನಲ್ಲಿ ಕೆರೆದರೆ ಉದುರುತ್ತದೆ. ಫೋನ್ ಮಾಡಿದರೆ 'ಸೋಮವಾರ ಲೇಬರ್ ಬರ್ತಾರೆ ಸಾರ್' ಅನ್ನುತ್ತಾರೆ. ಯಾವ ಸೋಮವಾರ ಅಂತ ಮಾತ್ರ ಹೇಳುವುದಿಲ್ಲ.

ಠಾಣೆಗೆ ಹೋದರೆ 'ಇದು ಸಿವಿಲ್ ಮ್ಯಾಟರ್' ಅಂದರು. ಒಬ್ಬರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಅನ್ನುತ್ತಾರೆ, ಇನ್ನೊಬ್ಬರು ಗ್ರಾಹಕರ ಆಯೋಗ ಅನ್ನುತ್ತಾರೆ. ಆದರೆ ಅಗ್ರಿಮೆಂಟಿನ ಕೊನೇ ಪುಟದಲ್ಲಿ, ವಿವಾದ ಬಂದರೆ ಆರ್ಬಿಟ್ರೇಷನ್‌ಗೆ (ಕೋರ್ಟಿನ ಬದಲು ಖಾಸಗಿ ತೀರ್ಪುಗಾರರ ಮುಂದೆ) ಹೋಗಬೇಕು, ಬೆಂಗಳೂರಿನ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ ವ್ಯಾಪ್ತಿ ಅಂತ ಇದೆ. ಇನ್ನೊಂದು ಷರತ್ತು ಕೇಳಿ. ಅವರು ತಡ ಮಾಡಿದರೆ ವಾರಕ್ಕೆ 1,000 ರೂಪಾಯಿ ಕೊಡುತ್ತಾರಂತೆ. ನಾವು ಕಂತು ತಡ ಮಾಡಿದರೆ ತಿಂಗಳಿಗೆ ಶೇ 3ರ ಬಡ್ಡಿ. ನಾನು ಸಹಿ ಹಾಕಿದ್ದೇನೆ, ನಿಜ. ಈಗ ಎಲ್ಲಿಗೆ ಹೋಗಲಿ?

ಸೈಟು ಹುಡುಕೋನು:
ರೇರಾಗೆ ಆನ್‌ಲೈನ್‌ನಲ್ಲಿ ದೂರು ಹಾಕಿ ಸಾರ್. ಬಿಲ್ಡರ್‌ಗಳು ಅದಕ್ಕೇ ಹೆದರೋದು.

ಕರಿಕೋಟು:
ರೇರಾ ಇಲ್ಲಿ ನಡೆಯುವುದಿಲ್ಲ. 2016ರ ಆ ಕಾಯ್ದೆ ಹಿಡಿಯುವುದು ಪ್ರವರ್ತಕರನ್ನು. ಲೇಔಟ್ ಮಾಡಿ ಸೈಟು ಮಾರುವವರು, ಅಪಾರ್ಟ್‌ಮೆಂಟ್ ಕಟ್ಟಿ ಮಾರುವವರು. ಅದರಲ್ಲೂ ಜಾಗ 500 ಚದರ ಮೀಟರ್ ದಾಟದ ಅಥವಾ ಮನೆಗಳು 8 ದಾಟದ ಯೋಜನೆಗೆ ನೋಂದಣಿಯೇ ಬೇಡ. ನಿಮ್ಮ ಸೈಟಿನಲ್ಲಿ ನಿಮಗೇ ಮನೆ ಕಟ್ಟಿಕೊಡುವವನು ಗುತ್ತಿಗೆದಾರ. ಅವನು ನಿಮಗೆ ಏನನ್ನೂ ಮಾರುತ್ತಿಲ್ಲ.

ಗ್ರಾಹಕರ ಆಯೋಗ ಸರಿಯಾದ ಜಾಗ. ಮನೆ ಕಟ್ಟಿಕೊಡುವುದು ಸೇವೆ ಅಂತ 2019ರ ಕಾಯ್ದೆಯಲ್ಲಿ ಬಿಡಿಸಿ ಬರೆದಿದೆ. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಇದನ್ನು ಹೇಳಿತ್ತು. ಇನ್ನು ಯಾವ ಆಯೋಗ ಅನ್ನುವುದು ನೀವು ಕೊಟ್ಟಿರುವ ಹಣದ ಮೇಲೆ ನಿಂತಿದೆ. 2021ರ ಡಿಸೆಂಬರ್ ಕೊನೆಯಲ್ಲಿ ಬಂದ ನಿಯಮದ ಪ್ರಕಾರ 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದರ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. ನೀವು ಕೊಟ್ಟಿರುವುದು 41 ಲಕ್ಷ ಅಲ್ವಾ? ಹಾಗಾದರೆ ಮೈಸೂರಿನಲ್ಲೇ ಆಗುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಹಳೇ 1986ರ ಕಾಯ್ದೆಯಲ್ಲಿ ಸೇವೆಯ ಬೆಲೆ ಮತ್ತು ಕೇಳಿದ ಪರಿಹಾರ ಎರಡನ್ನೂ ಕೂಡಿಸಿ ನೋಡುತ್ತಿದ್ದರು. ಹಾಗಾಗಿ ಪರಿಹಾರವನ್ನು ಉಬ್ಬಿಸಿ ಬರೆದು ನೇರ ಮೇಲಿನ ಆಯೋಗಕ್ಕೆ ಹೋಗುವವರಿದ್ದರು. ಈಗ ಹಾಗಿಲ್ಲ. ಎಷ್ಟು ಕೊಟ್ಟಿರಿ ಅನ್ನುವುದಷ್ಟೇ ಲೆಕ್ಕ. ಇದು ಸರಿಯಲ್ಲ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಏಪ್ರಿಲ್‌ನಲ್ಲಿ ಕೋರ್ಟ್ ಈ ಪದ್ಧತಿಯನ್ನೇ ಎತ್ತಿ ಹಿಡಿಯಿತು.

ಬೋಗಾದಿ ಮನೆ:
ಥ್ಯಾಂಕ್ಸ್ ಸಾರ್. ಆದರೆ ಆ 'ಬೆಂಗಳೂರು ಮಾತ್ರ' ಅನ್ನುವ ಸಾಲು? ಕಂಪನಿಯವರು ಫೋನಿನಲ್ಲಿ ಅದನ್ನೇ ಓದಿ ಹೇಳಿದರು.

ಕರಿಕೋಟು:
ಅವರಿಗೆ ಆ ಸಾಲು ಬಾಯಿಪಾಠ ಇರುತ್ತದೆ ಬಿಡಿ.

ಸಿವಿಲ್ ಕೋರ್ಟಿನ ಮಟ್ಟಿಗೆ ಆ ಸಾಲಿಗೆ ತೂಕ ಇದೆ. ಎರಡು ಮೂರು ಊರಿನ ಕೋರ್ಟುಗಳಿಗೆ ಅಧಿಕಾರ ಇದ್ದಾಗ, ಅದರಲ್ಲಿ ಒಂದನ್ನು ಆರಿಸಿಕೊಳ್ಳಲು ಕಕ್ಷಿದಾರರಿಗೆ ಬಿಡುತ್ತಾರೆ. 1971ರ ಹಾಕಂ ಸಿಂಗ್ ಪ್ರಕರಣದಿಂದ ಹಿಡಿದು 2013ರ ಸ್ವಸ್ತಿಕ್ ಗ್ಯಾಸಸ್‌ವರೆಗೆ ಇದೇ ಮಾತು. ಸ್ವಸ್ತಿಕ್ ಗ್ಯಾಸಸ್‌ನಲ್ಲಂತೂ 'ಮಾತ್ರ' ಅನ್ನುವ ಪದ ಇಲ್ಲದಿದ್ದರೂ ಅರ್ಥ ಅದೇ ಅಂದರು. ಹಾಗಂತ ಯಾವ ಸಂಬಂಧವೂ ಇಲ್ಲದ ಊರಿನ ಹೆಸರು ಬರೆದುಕೊಂಡರೆ ಆಗಲ್ಲ. ಕಂಪನಿ ಇರುವುದು ಬೆಂಗಳೂರಿನಲ್ಲಿ, ಹಾಗಾಗಿ ಸಿವಿಲ್ ದಾವೆ ಹಾಕುವುದಾದರೆ ನಿಮಗೆ ಅದು ಅಡ್ಡ ಬರುತ್ತದೆ.

ಆದರೆ ಗ್ರಾಹಕರ ಆಯೋಗಕ್ಕೆ ತನ್ನದೇ ಕಾಯ್ದೆ ಇದೆ. ದೂರುದಾರ ವಾಸ ಇರುವ ಊರಿನಲ್ಲೇ ದೂರು ಕೊಡಬಹುದು ಅಂತ ಸೆಕ್ಷನ್ 34ರಲ್ಲಿ ಇದೆ. 2019ರಲ್ಲಿ ಹೊಸದಾಗಿ ಸೇರಿದ್ದು ಇದು. ಈ ಪರಿಹಾರ ಬೇರೆ ಕಾನೂನುಗಳ ಜೊತೆಗೆ ಹೆಚ್ಚುವರಿ ಅಂತ ಸೆಕ್ಷನ್ 100 ಹೇಳುತ್ತದೆ. ಒಂದು ವಿಮಾನ ಟಿಕೆಟ್ ಪ್ರಕರಣದಲ್ಲಿ ಹೀಗೇ ಆಗಿತ್ತು. ಟಿಕೆಟಿನಲ್ಲಿ ದೆಹಲಿ ಕೋರ್ಟಿಗೆ ಮಾತ್ರ ಅಂತ ಇತ್ತು, ಪ್ರಯಾಣಿಕ ಹೈದರಾಬಾದಿನ ಕಾಯಂ ಲೋಕ ಅದಾಲತ್‌ಗೆ ಹೋದ. ಅಂಥ ಷರತ್ತು ಸಿವಿಲ್ ಕೋರ್ಟುಗಳಿಗೆ ಅನ್ವಯ, ಇಂಥ ವಿಶೇಷ ವೇದಿಕೆಗೆ ತಾನಾಗಿಯೇ ಅನ್ವಯ ಆಗಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆರ್ಬಿಟ್ರೇಷನ್ ಷರತ್ತೂ ಅಷ್ಟೇ. 2018ರ ಎಮಾರ್ ಎಂಜಿಎಫ್ ಪ್ರಕರಣದ ನಂತರ, ಅದನ್ನು ತೋರಿಸಿ ಗ್ರಾಹಕನನ್ನು ಆಯೋಗದಿಂದ ಎಬ್ಬಿಸಲು ಆಗುವುದಿಲ್ಲ. ಸಿವಿಲ್ ಕೋರ್ಟಿಗೆ ಹೋದರೆ ಮಾತ್ರ ಮೊದಲ ಹೇಳಿಕೆ ಹಾಕುವ ಮುಂಚೆ ಅವರು ಆರ್ಬಿಟ್ರೇಷನ್ ಕಾಯ್ದೆಯ ಸೆಕ್ಷನ್ 8ರ ಅರ್ಜಿ ಕೊಟ್ಟು ನಿಮ್ಮನ್ನು ಆರ್ಬಿಟ್ರೇಷನ್‌ಗೆ ಕಳಿಸಬಹುದು.

ಸಿಮೆಂಟು ಮರಳು:
ಮಂಡ್ಯದಲ್ಲಿ ನಾನೂ ಕಂಟ್ರಾಕ್ಟರೇ. ಎಲ್ಲರೂ ಮನೆ ಯಜಮಾನರ ಪರವೇ ಮಾತಾಡುತ್ತೀರಿ. ಗೃಹಪ್ರವೇಶ ಮುಗಿಸಿ, ಹೋಳಿಗೆ ಊಟ ಹಾಕಿ, ಕೊನೇ ಬಿಲ್ಲು ಕೊಡದೆ ಓಡಾಡಿಸುವವರು ಎಷ್ಟು ಜನ ಇಲ್ಲ? ನನಗೆ ಒಬ್ಬರಿಂದ 6 ಲಕ್ಷ ಬರಬೇಕು. ಕೇಳಿದರೆ ಬಾತ್‌ರೂಮಿನ ಟೈಲ್ಸ್ ಡೊಳ್ಳು ಬಡಿಯುತ್ತದೆ ಅನ್ನುತ್ತಾರೆ. ಜಾಸ್ತಿ ಕೇಳಿದರೆ ಕನ್ಸೂಮರ್ ಕೋರ್ಟಿಗೆ ಹಾಕ್ತೀನಿ ಅಂತ ಹೆದರಿಸುತ್ತಾರೆ. ನಾನು ಅಲ್ಲಿಗೆ ಹೋಗಬಹುದಾ?

ಕರಿಕೋಟು:
ಇಲ್ಲ. ನೀವು ಸೇವೆ ಕೊಟ್ಟವರು, ಪಡೆದವರಲ್ಲ. ಅವರೇ ದೂರು ಹಾಕಿದರೂ ಅದರಲ್ಲಿ ನೀವು 'ನನಗೆ 6 ಲಕ್ಷ ಕೊಡಿಸಿ' ಅಂತ ಎದುರು ಹಕ್ಕು ಮಂಡಿಸಲು ಆಗುವುದಿಲ್ಲ. ಬಾಕಿ ಇದೆ ಅಂತ ರಕ್ಷಣೆಗೆ ಹೇಳಿಕೊಳ್ಳಬಹುದು ಅಷ್ಟೇ. ವಸೂಲಿಗೆ ಸಿವಿಲ್ ದಾವೆಯೇ ಹಾಕಬೇಕು. ಕಾಲಮಿತಿ ಮೂರು ವರ್ಷ. ಗೃಹಪ್ರವೇಶ ಯಾವಾಗ ಆಯಿತು ನೋಡಿಕೊಳ್ಳಿ.

ನಿಮ್ಮ ಬೇಜಾರು ಸರಿಯೇ. ಈ ಕಾಯ್ದೆ ಒಂದು ಕಡೆಗೆ ವಾಲಿದೆ, ಬೇಕೆಂದೇ ವಾಲಿಸಿದ್ದಾರೆ. ಆದರೆ ಅವರು ದೂರು ಹಾಕಿ ನಿಮಗೆ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ. ತಕರಾರು ಸಲ್ಲಿಸಲು 30 ದಿನ, ಆಯೋಗ ಮನಸ್ಸು ಮಾಡಿದರೆ ಇನ್ನು 15 ದಿನ. 46ನೇ ದಿನ ಹೋದರೆ ತೆಗೆದುಕೊಳ್ಳುವ ಅಧಿಕಾರವೇ ಆಯೋಗಕ್ಕೆ ಇಲ್ಲ ಅಂತ 2020ರಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಕಂಟ್ರಾಕ್ಟರುಗಳು ಸೋಲುವುದು ಬಹಳ ಸಲ ಇಲ್ಲೇ.

ದಟ್ಟಗಳ್ಳಿ ಅಜ್ಜ:
ಕೋರ್ಟ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕಾನೂನು ಓದಿದವನಲ್ಲ, ಕಡತ ಹೊತ್ತವನು. ಆದರೂ ಹೇಳುತ್ತೇನೆ. ಚಾಮರಾಜಪುರಂ ಕೋರ್ಟಿನ ಕಾರಿಡಾರಿನಲ್ಲಿ ಜನ ಕೇಳುವುದು 'ನಾನು ಗೆಲ್ತೀನಾ' ಅಂತ. ಹಳೇ ವಕೀಲರು ಮೊದಲು ಕೇಳುತ್ತಿದ್ದುದು 'ಇದು ಇಲ್ಲಿ ನಿಲ್ಲುತ್ತಾ' ಅಂತ.

ಅಧಿಕಾರ ಇಲ್ಲ ಅನ್ನುವುದರಲ್ಲೂ ಎರಡು ಬಗೆ ಇದೆ ಅಂತ ನಮ್ಮ ಸಾಹೇಬರು ಒಬ್ಬರು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದರು. ಊರು ತಪ್ಪು, ಮೊತ್ತ ತಪ್ಪು, ಇವು ಒಂದು ಬಗೆ. ಸಿವಿಲ್ ದಾವೆಯಲ್ಲಿ ಇಂಥ ತಕರಾರನ್ನು ಎದುರಾಳಿ ಶುರುವಿನಲ್ಲೇ ಎತ್ತಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 21 ಅದಕ್ಕೇ ಇರುವುದು. ಸೋತ ಮೇಲೆ ಅಪೀಲಿನಲ್ಲಿ ಹೋಗಿ ಊರು ತಪ್ಪಿತ್ತು ಸ್ವಾಮಿ ಅಂದರೆ, ಅದರಿಂದ ಅನ್ಯಾಯ ಆಯಿತು ಅಂತ ತೋರಿಸದೆ ಕೇಳುವುದಿಲ್ಲ. ಇನ್ನೊಂದು ಬಗೆ, ಆ ವಿಷಯವನ್ನೇ ಮುಟ್ಟುವ ಅಧಿಕಾರ ಇಲ್ಲದಿರುವುದು. ಅದು ಬೇರುಮಟ್ಟದ ದೋಷ. ಎರಡೂ ಕಡೆಯವರು ಕೈ ಎತ್ತಿ ಒಪ್ಪಿದರೂ ಅಧಿಕಾರ ಹುಟ್ಟುವುದಿಲ್ಲ. ಹತ್ತು ವರ್ಷ ಆದ ಮೇಲೆ, ಡಿಕ್ರಿ ಅಮಲ್ಜಾರಿಗೆ ಬಂದಾಗಲೂ ಅದನ್ನು ಎತ್ತಬಹುದು. 1954ರ ಕಿರಣ್ ಸಿಂಗ್ ತೀರ್ಪು ಇದಕ್ಕೆ ಮೂಲ. ಎಷ್ಟು ಕಡತದಲ್ಲಿ ಅದರ ಹೆಸರು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಸಿವಿಲ್ ಕೋರ್ಟಿನದು ದೊಡ್ಡ ಬಾಗಿಲು. ಯಾವುದಾದರೂ ಕಾನೂನು ಬೇಡ ಅನ್ನದ ಹೊರತು ಎಲ್ಲಾ ಸಿವಿಲ್ ತಕರಾರೂ ಅಲ್ಲಿಗೆ ಹೋಗಬಹುದು, ಅದೇ ಸಂಹಿತೆಯ ಸೆಕ್ಷನ್ 9. ಆಯೋಗ, ಟ್ರಿಬ್ಯುನಲ್ ಇವೆಲ್ಲ ಕಾಯ್ದೆ ಎಷ್ಟು ಕೊಟ್ಟಿದೆಯೋ ಅಷ್ಟೇ. ಒಂದು ಸಾಲು ಕೊಡದಿದ್ದರೆ ಅದು ಇಲ್ಲ ಅಂತಲೇ ಅರ್ಥ.

ಸೈಟು ಹುಡುಕೋನು:
ಅಜ್ಜ, ಹಾಗಾದರೆ ನನ್ನದು? ಶ್ರೀರಂಗಪಟ್ಟಣದ ಹತ್ತಿರ ಒಬ್ಬರ ಖಾಸಗಿ ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ದೇನೆ. ಈಗ ರಿಜಿಸ್ಟರ್ ಮಾಡಿಕೊಡಲ್ಲ ಅನ್ನುತ್ತಿದ್ದಾರೆ. ಅವರ ಅಣ್ಣ ಬಂದು ಪಾಲಿನ ದಾವೆ ಇದೆ ಅಂತ ಹೇಳಿದ. ಗ್ರಾಹಕರ ಆಯೋಗ ಅಗ್ಗ ಅಲ್ವಾ ಅಂತ ಯೋಚಿಸಿದ್ದೆ.

ಕರಿಕೋಟು:
ಅಗ್ಗ ಅಂತ ಬಾಗಿಲು ಆರಿಸಬೇಡಿ. ಒಬ್ಬರು ತಮ್ಮ ಸೈಟನ್ನು ನಿಮಗೆ ಮಾರುತ್ತೇನೆ ಅಂದು ಮಾತು ತಪ್ಪಿದರೆ ಅದು ಮಾರಾಟದ ಕರಾರು ಭಂಗ. ಅದರಲ್ಲಿ ಸೇವೆ ಎಲ್ಲಿದೆ? ರಸ್ತೆ, ಚರಂಡಿ, ನೀರು ಮಾಡಿ ಕೊಡುತ್ತೇವೆ ಅಂತ ಲೇಔಟಿನವರು ಮಾರಿದರೆ ಅದು ಸೇವೆ, 2012ರ ನಾರ್ನೆ ಕನ್‌ಸ್ಟ್ರಕ್ಷನ್ ತೀರ್ಪು ನೋಡಿ. ಬರೀ ಸೈಟು ಮಾರಾಟ ಆದರೆ ಸಿವಿಲ್ ಕೋರ್ಟಿನಲ್ಲಿ ನಿರ್ದಿಷ್ಟ ಪಾಲನೆಯ ದಾವೆ, ಅಂದರೆ ಕರಾರಿನಂತೆ ಮಾರಿಕೊಡಲಿ ಅಂತ ಕೇಳುವುದು. ಮೇಲಾಗಿ ಪಾಲಿನ ತಕರಾರು ಬೇರೆ ಇದೆ. ಹಕ್ಕು ಯಾರದು ಅನ್ನುವುದನ್ನು ಆಯೋಗ ತೀರ್ಮಾನಿಸುವುದಿಲ್ಲ.

ಬೋಗಾದಿ ಮನೆ:
ನನ್ನ ವಿಷಯಕ್ಕೆ ಬರೋಣ. ಆ 1,000 ರೂಪಾಯಿ ಮತ್ತು ಶೇ 3ರ ಷರತ್ತು ಅನ್ಯಾಯ ಅಂತ ರದ್ದು ಮಾಡಿಸಬೇಕು. ಜೊತೆಗೆ ಸೈಟ್ ಎಂಜಿನಿಯರ್ ಮೋಸ ಮಾಡಿದ್ದಾನೆ, ಕಂಬಿಯ ಬಿಲ್ಲು ಸುಳ್ಳು ಸೃಷ್ಟಿಸಿದ್ದಾನೆ ಅಂತಲೂ ದೂರಿನಲ್ಲಿ ಬರೆಯುತ್ತೇನೆ. 1 ಕೋಟಿ ಪರಿಹಾರ ಕೇಳೋಣ ಅಂತ ಮನೆಯವರ ಆಸೆ.

ಕರಿಕೋಟು:
ಸ್ವಲ್ಪ ತಡೆಯಿರಿ. ಗೆಲ್ಲುವ ಪ್ರಕರಣ ಹಾಳಾಗುವುದು ಹೀಗೇ.

ಷರತ್ತಿನ ವಿಷಯ ಮೊದಲು. 'ಅನ್ಯಾಯದ ಕರಾರು' ಅನ್ನುವ ಮಾತು 2019ರ ಕಾಯ್ದೆಯಲ್ಲಿ ಹೊಸದಾಗಿ ಬಂತು. ಆಗಿರುವ ನಷ್ಟಕ್ಕೆ ತಾಳೆಯಿಲ್ಲದ ದಂಡ, ಮಿತಿಮೀರಿದ ಠೇವಣಿ, ಕಾರಣ ಕೊಡದೆ ಒಬ್ಬರೇ ರದ್ದು ಮಾಡುವುದು ಇವೆಲ್ಲ ಅದರೊಳಗೆ ಬರುತ್ತವೆ. ನಿಮ್ಮ ಶೇ 3 ಅದಕ್ಕೆ ಒಳ್ಳೇ ಉದಾಹರಣೆ. ಆದರೆ ಅಂಥ ಷರತ್ತನ್ನು ಶೂನ್ಯ ಅಂತ ಘೋಷಿಸುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ರಾಜ್ಯ ಆಯೋಗಕ್ಕೆ ಮತ್ತು ರಾಷ್ಟ್ರೀಯ ಆಯೋಗಕ್ಕೆ. ಜಿಲ್ಲಾ ಆಯೋಗಕ್ಕೆ ಕೊಟ್ಟಿಲ್ಲ. ಅಜ್ಜ ಹೇಳಿದ್ದು ಇದನ್ನೇ. ದೂರಿನಲ್ಲಿ ಆ ಒಂದು ಪ್ರಾರ್ಥನೆ (ಬೇಡಿಕೆ) ಸೇರಿಸಿದರೆ ಮೈಸೂರಿನಲ್ಲಿ ಅವರ ವಕೀಲರಿಗೆ ಒಳ್ಳೇ ತಕರಾರು ಸಿಗುತ್ತದೆ. ನೀವು ಶೇ 3ರ ಬಡ್ಡಿ ಇನ್ನೂ ಕಟ್ಟಿಲ್ಲ, ಅವರೂ ಕೇಳಿಲ್ಲ. ಹಾಗಿದ್ದ ಮೇಲೆ ಅದನ್ನು ಕೆದಕುವುದು ಯಾಕೆ? ಸೇವಾ ನ್ಯೂನತೆ ಅಂತ ಹೇಳಿ. ಕೆಲಸ ಆಗದ ಭಾಗಕ್ಕೆ ಪಡೆದ ಹಣ ವಾಪಸ್, ಕಳಪೆ ಕೆಲಸ ಸರಿಪಡಿಸುವ ಖರ್ಚು, ಬಾಡಿಗೆ ಮನೆಯ ಖರ್ಚು, ಪರಿಹಾರ. ಅಷ್ಟು ಸಾಕು.

ಇನ್ನು ಮೋಸ, ಸುಳ್ಳು ಬಿಲ್ಲು. ಆಯೋಗದ ವಿಚಾರಣೆ ಸಂಕ್ಷಿಪ್ತ. ಅಫಿಡವಿಟ್ ಮತ್ತು ದಾಖಲೆ ಮೇಲೆ ನಡೆಯುತ್ತದೆ. ದಿನಗಟ್ಟಲೆ ಸಾಕ್ಷಿ, ಪಾಟೀ ಸವಾಲು ಅಲ್ಲಿ ನಡೆಯುವುದು ಕಮ್ಮಿ. ವಂಚನೆಯಂಥ ಅಪರಾಧದ ಆರೋಪ, ತೀವ್ರವಾಗಿ ವಿವಾದ ಇರುವ ಸಂಗತಿ ಇದ್ದರೆ ಆಯೋಗ ಅದನ್ನು ತೀರ್ಮಾನಿಸಲು ಆಗದು ಅಂತ 2023ರಲ್ಲಿ ಸಿಟಿ ಯೂನಿಯನ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಕರಣ ಸ್ವಲ್ಪ ಜಟಿಲ ಇದೆ ಅಂದ ಮಾತ್ರಕ್ಕೆ ಆಯೋಗ ಕೈ ತೊಳೆದುಕೊಳ್ಳುವಂತಿಲ್ಲ, ಅದೂ ನಿಜ. ಆದರೆ 'ವಂಚನೆ', 'ಫೋರ್ಜರಿ' ಅಂತ ನೀವೇ ಪುಟಗಟ್ಟಲೆ ಬರೆದರೆ, ಸಿವಿಲ್ ಕೋರ್ಟಿಗೆ ಹೋಗಿ ಅನ್ನಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ಸಿಟ್ಟನ್ನು ದೂರಿನಲ್ಲಿ ಇಳಿಸಬೇಡಿ. ಪಿಲ್ಲರಿನ ಬುಡದ ಫೋಟೋ ನಿಮ್ಮ ಸಿಟ್ಟಿಗಿಂತ ಜಾಸ್ತಿ ಮಾತಾಡುತ್ತದೆ.

ಒಂದೇ ಜಗಳವನ್ನು ಹೇಗೆ ಬರೆದುಕೊಳ್ಳುತ್ತೀರಿ ಅನ್ನುವುದರ ಮೇಲೆ ಅದು ಯಾವ ಬಾಗಿಲಿಗೆ ಸೇರುತ್ತದೆ ಅನ್ನುವುದು ನಿಂತಿದೆ. ನಾನು ಪ್ರಾರ್ಥನೆಯ ಪ್ಯಾರಾವನ್ನೇ ಮೊದಲು ಬರೆಯುತ್ತೇನೆ, ಕಥೆ ಆಮೇಲೆ. 1 ಕೋಟಿ ಕೇಳಿದರೂ ಅಧಿಕಾರ ವ್ಯಾಪ್ತಿ ಬದಲಾಗುವುದಿಲ್ಲ. ಲೆಕ್ಕ ಕೊಡದೆ ಕೇಳಿದರೆ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ, ಅಷ್ಟೇ.

ಸಿಮೆಂಟು ಮರಳು:
ಈ ಮಾತು ಒಪ್ಪುತ್ತೇನೆ. ಪಿಲ್ಲರಿನಲ್ಲಿ ಜಲ್ಲಿ ಕಾಣಿಸುವುದು ವೈಬ್ರೇಟರ್ ಸರಿಯಾಗಿ ಹಿಡಿಯದಿದ್ದಕ್ಕೆ, ಇಲ್ಲಾ ಶೀಟಿನ ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿದ್ದಕ್ಕೆ. ಇದು ಕಳಪೆ ಕೆಲಸ, ಮೋಸ ಅಂತ ಯಾರೂ ಸಾಬೀತು ಮಾಡಲು ಆಗಲ್ಲ. ಕೆಲಸ ಮುಂದುವರಿಸುವ ಮುಂಚೆ ಸ್ವತಂತ್ರ ಎಂಜಿನಿಯರ್ ಒಬ್ಬರಿಂದ ಅಳತೆ, ಫೋಟೋ, ವರದಿ ಮಾಡಿಸಿಕೊಳ್ಳಿ. ಬೇರೆಯವರು ಬಂದು ಪ್ಲಾಸ್ಟರ್ ಬಳಿದ ಮೇಲೆ ಏನೂ ಕಾಣಲ್ಲ.

ಬೋಗಾದಿ ಮನೆ:
ವಾಟ್ಸಾಪ್ ಮೆಸೇಜ್ ನಡೆಯುತ್ತದಾ? ಶುಲ್ಕ ಎಷ್ಟು? ಠಾಣೆಗೆ ಮತ್ತೆ ಹೋಗಲಾ?

ಕರಿಕೋಟು:
ಮೆಸೇಜ್ ನಡೆಯುತ್ತದೆ. 2023ರ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿಡಿ, ತಗಾದೆ ಇರುವುದಿಲ್ಲ. ಫೋನ್ ಬದಲಾಯಿಸಬೇಡಿ ಈಗ. ಶುಲ್ಕ ನಿಮ್ಮ ಮೊತ್ತಕ್ಕೆ 1,000 ರೂಪಾಯಿ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಕೆಲಸ ನಿಂತಾಗಿನಿಂದ ಎರಡು ವರ್ಷದೊಳಗೆ ಹಾಕಬೇಕು.

ಠಾಣೆಯವರು ಹೇಳಿದ್ದು ಪೂರ್ತಿ ತಪ್ಪಲ್ಲ. ಕರಾರು ಮುರಿದ ಮಾತ್ರಕ್ಕೆ ವಂಚನೆ ಆಗುವುದಿಲ್ಲ. ಮಾತು ಕೊಡುವಾಗಲೇ ಅದನ್ನು ನಡೆಸಬಾರದು ಅನ್ನುವ ಕೆಟ್ಟ ಉದ್ದೇಶ ಇತ್ತು ಅಂತ ತೋರಿಸಬೇಕು, 2000ದ ಹೃದಯ ರಂಜನ್ ತೀರ್ಪಿನಿಂದ ಇದೇ ನಿಲುವು. ಇವರು ಒಂದು ಮಹಡಿ ಕಟ್ಟಿದ್ದಾರೆ. ಹಾಗಾಗಿ ಶುರುವಿನಿಂದಲೇ ಕೆಟ್ಟ ಉದ್ದೇಶ ಇತ್ತು ಅನ್ನುವುದು ಕಷ್ಟ.

ಆಲೆಮನೆ:
ಮದ್ದೂರು ಕಡೆಯವನು. ನಮ್ಮ ಆಲೆಮನೆಯ ಬೆಲ್ಲ ತೆಗೆದುಕೊಂಡ ಹೊರರಾಜ್ಯದ ವ್ಯಾಪಾರಿ 4 ಲಕ್ಷದ ಮೇಲೆ ಉಳಿಸಿಕೊಂಡಿದ್ದಾನೆ. ಬಿಲ್ಲಿನ ಹಿಂದೆ ಅವನ ಊರಿನ ಕೋರ್ಟು ಅಂತ ಅಚ್ಚು ಹಾಕಿಸಿದ್ದಾನೆ. ಅಲ್ಲಿಗೆ ಅಲೆಯಬೇಕಾ?

ಕರಿಕೋಟು:
ನಿಮ್ಮದು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಯ ನೋಂದಣಿ) ಇದೆಯಾ? ವ್ಯಾಪಾರ ಶುರು ಮಾಡುವ ಮುಂಚೆಯೇ ಮಾಡಿಸಿದ್ದರೆ ತಲೆನೋವು ಕಮ್ಮಿ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ, ಕೊಳ್ಳುವವನು ದೇಶದ ಯಾವ ಮೂಲೆಯಲ್ಲಿದ್ದರೂ, ಮಾರುವವನು ಇರುವ ಜಾಗದ ಸಣ್ಣ ಉದ್ದಿಮೆಗಳ ಸೌಲಭ್ಯ ಮಂಡಳಿಗೇ ಅಧಿಕಾರ. ಹಣ ಕೊಡಲು ಮಿತಿ ಹೆಚ್ಚೆಂದರೆ 45 ದಿನ, ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಅವನು ಶೇ 75 ಠೇವಣಿ ಇಡಬೇಕು.

ನೋಂದಣಿ ಇಲ್ಲದಿದ್ದರೆ, 3 ಲಕ್ಷ ದಾಟಿದ ವ್ಯಾಪಾರಿಗಳ ನಡುವಿನ ತಕರಾರು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲ ಅಂದರೆ ಮೊದಲು ಮಧ್ಯಸ್ಥಿಕೆ (ಮೀಡಿಯೇಷನ್) ಕಡ್ಡಾಯ. ಅದನ್ನು ಬಿಟ್ಟು ನೇರ ದಾವೆ ಹಾಕಿದರೆ ತಿರಸ್ಕಾರ ಅಂತ 2022ರಲ್ಲಿ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ಹೇಳಿಯಾಗಿದೆ. ಆಗ ಆ ಅಚ್ಚು ಹಾಕಿಸಿದ ಸಾಲಿನ ಮೇಲೂ ಜಗಳ ಆಗುತ್ತದೆ. ನೀವು ಅದಕ್ಕೆ ಸಹಿ ಹಾಕಿದ್ದೀರಾ, ಸುಮ್ನೆ ಬಿಲ್ಲು ಇಸಕೊಂಡಿರಾ ಅನ್ನುವುದು ಮುಖ್ಯ.

ದಟ್ಟಗಳ್ಳಿ ಅಜ್ಜ:
ತಪ್ಪು ಬಾಗಿಲಿಗೆ ಹೋದವರಿಗೂ ಪೂರ್ತಿ ಮುಳುಗಲಿಲ್ಲ ಅಂತ ಹೇಳಿಬಿಡುತ್ತೇನೆ. ಸಿವಿಲ್ ಕೋರ್ಟಾದರೆ ದಾವೆಯನ್ನು ಸರಿಯಾದ ಕೋರ್ಟಿಗೆ ಹಾಕಲು ಹಿಂದಿರುಗಿಸುತ್ತಾರೆ. ಪ್ರಾಮಾಣಿಕವಾಗಿ ತಪ್ಪು ಜಾಗದಲ್ಲಿ ಕಳೆದ ಕಾಲವನ್ನು ಕಾಲಮಿತಿಯಿಂದ ಕಳೆಯಬಹುದು, ಕಾಲಮಿತಿ ಕಾಯ್ದೆಯ ಸೆಕ್ಷನ್ 14. ಲಕ್ಷ್ಮಿ ಎಂಜಿನಿಯರಿಂಗ್ ಅಂತ 1995ರ ಒಂದು ಪ್ರಕರಣ ಇದೆ. ವ್ಯಾಪಾರಕ್ಕೆ ಅಂತ ಯಂತ್ರ ಕೊಂಡವರು ಗ್ರಾಹಕರಲ್ಲ ಅಂತ ಹೊರಗೆ ಕಳಿಸಿದರು, ಆದರೆ ಈ ಸೆಕ್ಷನ್ನಿನ ಅನುಕೂಲ ಕೇಳಿಕೊಳ್ಳಲು ದಾರಿ ಬಿಟ್ಟರು. ಆದರೆ ಪ್ರಾಮಾಣಿಕವಾಗಿ ಅನ್ನುವುದಕ್ಕೆ ಅರ್ಥ ಇದೆ. ಬೇಡ ಬೇಡ ಅಂದರೂ ಹಟಕ್ಕೆ ಅಲ್ಲೇ ಕೂತವರಿಗೆ ಸಿಗುವುದಿಲ್ಲ.

ಗದ್ದೆಬಯಲು:
ಪಾಂಡವಪುರ ಕಡೆಯಿಂದ. ಕಬ್ಬು ಕೊಟ್ಟು ಹಣ ಬಂದಿಲ್ಲ. ನಾವೂ ಗ್ರಾಹಕರ ಆಯೋಗಕ್ಕೆ ಹೋಗಬಹುದಾ ಅಂತ ಕೇಳಲು ಈ ಚರ್ಚೆ ಪೂರ್ತಿ ಓದಿದೆ.

ಕರಿಕೋಟು:
ಕಬ್ಬಿನ ಹಣಕ್ಕೆ ಆಗಲ್ಲ, ನೀವು ಮಾರಿದವರು. ಆದರೆ ನಿಮಗೆ ಅದಕ್ಕಿಂತ ಗಟ್ಟಿ ದಾರಿ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಇಳಿಸಿದ 14 ದಿನದೊಳಗೆ ಹಣ ಕೊಡಬೇಕು. ತಡ ಆದರೆ ವರ್ಷಕ್ಕೆ ಶೇ 15 ಬಡ್ಡಿ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ತೂಕದ ಚೀಟಿಗಳನ್ನು ಜೋಡಿಸಿ ಕಬ್ಬು ಆಯುಕ್ತರಿಗೆ ಅರ್ಜಿ ಕೊಡಿ, ಜಿಲ್ಲಾಧಿಕಾರಿಗೆ ಒಂದು ಪ್ರತಿ. ಒಬ್ಬರೇ ಹೋಗಬೇಡಿ, ಊರಿನ ಹತ್ತು ಜನ ಸೇರಿ ಕೊಡಿ.

ಬಿತ್ತನೆ ಬೀಜ ಕಳಪೆ ಬಂದು ಬೆಳೆ ಹೋದರೆ ಮಾತ್ರ ಆಯೋಗಕ್ಕೆ ಬನ್ನಿ. ಬೀಜ ಕೊಂಡ ರೈತ ಗ್ರಾಹಕನೇ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಚೀಲದ ಲೇಬಲ್ಲು ಬಿಸಾಡಬೇಡಿ.

ಗದ್ದೆಬಯಲು:
ತೂಕದ ಚೀಟಿ ಇದೆ ಸಾರ್, ಎರಡು ಟ್ರ್ಯಾಕ್ಟರ್ ಲೋಡಿನದು ಮಾತ್ರ ಡ್ರೈವರ್ ಹತ್ತಿರ ಉಳಿದಿದೆ. ಇವತ್ತೇ ಇಸಕೊಳ್ಳುತ್ತೇನೆ.